ಕಡಲು ಬಿಟ್ಟು ಕಲ್ಲುಗಣಿಗೆ

ಮೊದಲ ದಿನ: ಸ್ಟೋನಿ ಕೋವ್

ಇಂಗ್ಲೆಂಡಿನ ಸಮುದ್ರದಲ್ಲಿ ಸ್ಕೂಬಾ ಡೈವಿಂಗ್ ಮಾಡಬೇಕೆನ್ನುವವರಿಗೆ ಮೊದಲು ಗಾಳಿ ಒಪ್ಪಬೇಕು, ಗಾಳಿ ಒಪ್ಪಿದ ಮೇಲೆ ಉಬ್ಬರವಿಳಿತ ಒಪ್ಪಬೇಕು. ಅಲ್ಲಿನ ಕರಾವಳಿಯ ಎಷ್ಟೋ ಕಡೆ ಸೆಳೆತ ಬಲವಾಗಿರುವುದರಿಂದ, ನೀರಿನ ಹರಿವು ದಿಕ್ಕು ಬದಲಿಸುವ ಮುನ್ನ ಸ್ವಲ್ಪ ಹೊತ್ತು ನಿಂತಂತಿರುವಾಗಲೇ ಇಳಿದು, ನೋಡಿ, ಮೇಲೆ ಬಂದುಬಿಡಬೇಕು. ಏಪ್ರಿಲ್ ಕೊನೆಯ ವಾರದಲ್ಲಿ ದಕ್ಷಿಣ ಕರಾವಳಿಯ ಮುಳುಗಿದ ಹಡಗುಗಳನ್ನು ನೋಡಲು ನಾವು ಗೊತ್ತುಮಾಡಿಕೊಂಡಿದ್ದ ದೋಣಿ ನೈಋತ್ಯದ ಗಾಳಿಯಿಂದಾಗಿ ಹೊರಡಲಿಲ್ಲ. ನನ್ನ ಜೊತೆಗಾರರು ನಿವೃತ್ತ ಡೈವಿಂಗ್ ತರಬೇತುದಾರರು, ಅದೇ ದೇಶದವರು. ಅವರಿಗೆ ಇದರಿಂದ ಬೇಸರವೇನೂ ಆದಂತೆ ಕಾಣಲಿಲ್ಲ. "ಒಳನಾಡಿಗೆ ಹೋಗೋಣ. ಅಲ್ಲಿ ಗಾಳಿ ಬೀಸಿದರೆ ಟೋಪಿ ಹಾರುತ್ತದೆ, ಅಷ್ಟೇ," ಎಂದರು. ಸಿಲಿಂಡರುಗಳನ್ನು ಕಾರಿಗೆ ತುಂಬಿಕೊಂಡು ಉತ್ತರದ ದಾರಿ ಹಿಡಿದೆವು.

ಲೆಸ್ಟರ್‌ಶೈರ್ ಇಂಗ್ಲೆಂಡಿನಲ್ಲಿ ಸಮುದ್ರದಿಂದ ಅತಿ ದೂರವಿರುವ ಸೀಮೆಗಳಲ್ಲಿ ಒಂದು. ರೇಪ್‌ಸೀಡ್ ಹೂಬಿಟ್ಟು ಹೊಲಗಳೆಲ್ಲ ಹಳದಿಯಾಗಿದ್ದವು; ಸ್ಟೋನಿ ಸ್ಟ್ಯಾಂಟನ್ ಎಂಬ ಹಳ್ಳಿ ದಾಟುತ್ತಿದ್ದಂತೆ ಎರಡೂ ಬದಿಯ ಬೇಲಿಗಳು ಹತ್ತಿರ ಸರಿದು ರಸ್ತೆ ಕಿರಿದಾಯಿತು. ಅಂಥ ರಸ್ತೆಯಲ್ಲಿ ಹಿಂದೆಯೂ ಮುಂದೆಯೂ ಸಿಲಿಂಡರ್ ತುಂಬಿದ ವ್ಯಾನುಗಳೇ ಸಾಗುತ್ತಿದ್ದುದನ್ನು ಕಂಡಾಗ, ಮುಂದೆ ಎಲ್ಲೋ ಬಂದರು ಇರಬೇಕೆಂದು ಹೊಸಬರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ತಿರುವು ಮುಗಿದಾಗ ಸಿಗುವುದು ಗೇಟು, ಅದರಾಚೆ ಬಂಡೆಗೋಡೆಗಳ ನಡುವೆ ಹಸಿರು ನೀರು.

ಸ್ಟೋನಿ ಕೋವ್ ಹಿಂದೆ ಗ್ರಾನೈಟ್ ಕ್ವಾರಿ, ಅಂದರೆ ಕಲ್ಲುಗಣಿ, ಆಗಿತ್ತು. ಕಲ್ಲು ಅಗೆದಷ್ಟೂ ಕಾಲವೂ ಬುಗ್ಗೆಯ ನೀರನ್ನು ಪಂಪಿನಿಂದ ಹೊರಹಾಕುತ್ತಲೇ ಇರಬೇಕಾಗಿತ್ತು. 1958ರಲ್ಲಿ ಕೆಲಸ ನಿಂತಿತು, ಪಂಪುಗಳೂ ನಿಂತವು, ಹೊಂಡ ತಾನಾಗಿ ತುಂಬಿಕೊಂಡಿತು. ಉತ್ತರ ಸಮುದ್ರದಲ್ಲಿ ತೈಲದ ಕೆಲಸ ಆರಂಭವಾದ ಕಾಲದಲ್ಲಿ ಅಲ್ಲಿಗೆ ಹೋಗಬೇಕಾದ ವೃತ್ತಿಪರ ಡೈವರ್‌ಗಳು ಇಲ್ಲಿ ತರಬೇತಿ ಪಡೆದರು. ಕಲ್ಲು ತೆಗೆಯುವವರು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತಾ ಹೋಗಿದ್ದರಿಂದ ನೀರಿನಡಿಯಲ್ಲೂ ಆ ಮೆಟ್ಟಿಲುಗಳು ಹಾಗೆಯೇ ಉಳಿದಿವೆ: ಒಂದು ಸುಮಾರು 7 ಮೀಟರಿನಲ್ಲಿ, ಮತ್ತೊಂದು 22ರ ಆಸುಪಾಸಿನಲ್ಲಿ, ತಳ 35 ಮೀಟರಿಗೆ. ಕಲಿಯುವವರಿಗಾಗಿ ಯಾರಾದರೂ ಯೋಚಿಸಿ ಕಟ್ಟಿದ್ದರೂ ಇದಕ್ಕಿಂತ ಚೆನ್ನಾಗಿ ಕಟ್ಟಲಾಗುತ್ತಿರಲಿಲ್ಲ. ಹೊಸಬರು ಏಳು ಮೀಟರಿನಲ್ಲಿ ಮಂಡಿಯೂರಿ ಮಾಸ್ಕಿನೊಳಗಿನ ನೀರು ಹೊರಹಾಕುವುದನ್ನು ಅಭ್ಯಾಸ ಮಾಡುತ್ತಿರುವಾಗ, ಹಳಬರು ಅವರನ್ನು ದಾಟಿ ಅಂಚಿನಿಂದ ಕತ್ತಲೆಗೆ ಇಳಿದುಹೋಗುತ್ತಾರೆ.

ಗೇಟಿನಲ್ಲಿ ಅರ್ಹತೆಯ ಕಾರ್ಡು ತೋರಿಸಿ ಹೆಸರು ಬರೆಸಬೇಕು. ಅದು ಮನೆಯಲ್ಲೇ ಉಳಿದಿದ್ದರೆ ವಾದ ಮಾಡಿ ಪ್ರಯೋಜನವಿಲ್ಲ. ವಾರಾಂತ್ಯದಲ್ಲಾದರೆ ಬಾಗಿಲು ತೆರೆಯುವ ಮೊದಲೇ ಸಾಲು ನಿಂತಿರುತ್ತದಂತೆ. ನಾವು ಹೋದದ್ದು ವಾರದ ನಡುವೆ, ಆದ್ದರಿಂದ ನೀರಿನ ಹತ್ತಿರವೇ ಕಾರು ನಿಲ್ಲಿಸಲು ಜಾಗ ಸಿಕ್ಕಿತು. ಇದನ್ನು ಸಣ್ಣ ವಿಷಯವೆಂದುಕೊಳ್ಳಬಾರದು. ಸಿಲಿಂಡರು, ಮುಳುಗಲು ಸೊಂಟಕ್ಕೆ ಕಟ್ಟುವ ಸೀಸ, ನೀರು ಒಳಗೆ ಬಿಡದ ಡ್ರೈಸೂಟು ಎಲ್ಲ ಸೇರಿ ಮೂವತ್ತು ಕಿಲೋ ಮೀರುವ ಹೊರೆ ಹೊತ್ತು ನಡೆಯುವವರಿಗೆ ನೂರು ಹೆಜ್ಜೆಯೂ ದೂರವೇ.

ಮೊಟ್ಟೆ ತುಂಬಿದ ಬನ್ನು, ಗಟ್ಟಿ ಚಹಾ ಮುಗಿಸಿ ಸಜ್ಜಾಗುತ್ತಿದ್ದಾಗ ಪಕ್ಕದ ಕಾರಿನ ವೃದ್ಧರೊಬ್ಬರು ಮಾತಿಗೆ ಸಿಕ್ಕರು. ಬೆನ್ನಿಗೆ ಎರಡು ಸಿಲಿಂಡರ್, ಎರಡೂ ಪಕ್ಕಕ್ಕೆ ಇನ್ನೊಂದೊಂದು. ಬಹುಪಾಲು ಎಲ್ಲ ವಾರವೂ ಬರುತ್ತಾರಂತೆ. "ಇಷ್ಟು ವರ್ಷ ಬಂದರೂ ನೋಡಲು ಏನಾದರೂ ಉಳಿದಿದೆಯೇ?" ಎಂದು ಕೇಳಿದೆ. "ಇಲ್ಲಿ ನಾನು ನೋಡುವುದು ನನ್ನ ಕೈಗಳನ್ನು," ಎಂದರು. ಬೇಸಿಗೆಯಲ್ಲಿ ಅವರು ಸಮುದ್ರದ ಆಳದ ಹಡಗುಗಳಿಗೆ ಇಳಿಯುವವರು. ಅಲ್ಲಿ ದಪ್ಪ ಕೈಗವಸು ತೊಟ್ಟ ಬೆರಳು ತಡವರಿಸದೆ ಬೆನ್ನ ಹಿಂದಿನ ವಾಲ್ವಿಗೆ ತಲುಪಬೇಕಾದರೆ, ಚಳಿಗಾಲವಿಡೀ ಇಲ್ಲಿ ಅದೇ ವಾಲ್ವನ್ನು ಮುಚ್ಚಿ ತೆರೆದು ಮಾಡಿರಬೇಕು. ಆಳ ಗೊತ್ತಿರುವ, ಸೆಳೆತವಿಲ್ಲದ, ನಿನ್ನೆ ಇದ್ದಲ್ಲೇ ಇವತ್ತೂ ಇರುವ ನೀರಿನಲ್ಲಿ ಮಾತ್ರ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿ ತಪ್ಪೆಲ್ಲಿ ಎಂದು ನೋಡಿಕೊಳ್ಳಲು ಸಾಧ್ಯ. ಕ್ವಾರಿಗೆ ಬರುವುದೇಕೆ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರಗಳಲ್ಲಿ ಇದಕ್ಕಿಂತ ನೇರವಾದದ್ದು ಇನ್ನೊಂದಿಲ್ಲ.

ಇಳಿಯುವ ಮುನ್ನ ಸೊಂಟದ ಸೀಸವನ್ನು ಕಡಿಮೆ ಮಾಡಬೇಕಾಯಿತು. ಸಮುದ್ರದ ನೀರು ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟು ಹೆಚ್ಚು ಸಾಂದ್ರ. ಆದ್ದರಿಂದ ಸಾಮಾನು ಸಮೇತ ನೂರು ಕಿಲೋ ತೂಗುವ ಡೈವರ್ ಉಪ್ಪುನೀರಿನಿಂದ ಸಿಹಿನೀರಿಗೆ ಬಂದಾಗ ಎರಡೂವರೆ ಕಿಲೋ ಸೀಸ ತೆಗೆದಿಡಬಹುದು. ತೆಗೆಯದೆ ಇಳಿದರೆ ತಳದ ಹೂಳಿಗೆ ಕಾಲು ತಗಲುತ್ತದೆ, ಹೂಳು ಎದ್ದಿತೆಂದರೆ ಹಿಂದೆ ಬರುವವರೆಲ್ಲರ ಪಾಲಿಗೆ ಆ ಡೈವ್ ಮುಗಿದಂತೆ.

ನೀರು ತಿಳಿಯಾಗಿರಲಿಲ್ಲ. ವಸಂತದ ಬಿಸಿಲಿಗೆ ಪಾಚಿ ಚಿಗುರುತ್ತಿದ್ದುದರಿಂದ ಐದಾರು ಮೀಟರಿನಾಚೆ ಎಲ್ಲವೂ ಹಸಿರು ಮಂಜು. ಮೊದಲ ಮೆಟ್ಟಿಲಿನಲ್ಲಿ ವೈಕೌಂಟ್ ವಿಮಾನದ ಮೂತಿ ಎದುರಾಯಿತು. ಪೈಲಟ್ ಕೂರಬೇಕಾದ ಕಿಟಕಿಯಲ್ಲಿ ಪರ್ಚ್ ಮೀನೊಂದು ಬೆನ್ನ ಮೇಲಿನ ಮುಳ್ಳುರೆಕ್ಕೆ ನಿಮಿರಿಸಿ ನಿಂತಿತ್ತು. ಟಾರ್ಚ್ ಹಿಡಿದೆ, ಕದಲಲಿಲ್ಲ. ಮೈಮೇಲಿನ ಕಪ್ಪು ಪಟ್ಟೆಗಳು, ಹೊಟ್ಟೆಯಡಿಯ ಕೆಂಪು ರೆಕ್ಕೆಗಳು ಒಂದು ಗೇಣಿನಂತರದಲ್ಲಿ ಸ್ಪಷ್ಟವಾಗಿ ಕಂಡವು. ಡೈವರ್‌ಗಳ ಕಾಲಿನ ಈಜುರೆಕ್ಕೆ ತಳ ಕೆದಕಿದಾಗ ಏಳುವ ಹುಳುಗಳಿಗಾಗಿ ಈ ಮೀನುಗಳು ಕಾದು ಹಿಂಬಾಲಿಸುತ್ತವೆಂದು ಆಮೇಲೆ ಜೊತೆಗಾರರು ಹೇಳಿದರು.

ಮಧ್ಯಾಹ್ನದ ಮೇಲೆ 'ಸ್ಟೇನ್‌ಗಾರ್ತ್' ಹಡಗಿಗೆ ಇಳಿದೆವು. ಇದು ಬೇರೆ ಹಡಗುಗಳನ್ನು ಎಳೆಯುವ ಹಳೆಯ ಟಗ್. 2000ದಲ್ಲಿ ಡೈವರ್‌ಗಳಿಗೆಂದೇ ಇಲ್ಲಿ ಮುಳುಗಿಸಲಾಯಿತು. ಎರಡನೆಯ ಮೆಟ್ಟಿಲಿನ ಮೇಲೆ ನೆಟ್ಟಗೆ ಕುಳಿತಿದೆ. ಹತ್ತು ಮೀಟರಿನ ಹೊತ್ತಿಗೆ ಹಸಿರು ಕರಗಿ ನೀರು ತಿಳಿಯಾಯಿತು, ಅದೇ ಕ್ಷಣದಲ್ಲಿ ತುಟಿಗಳಿಗೆ ಚಳಿ ತಟ್ಟಿತು. ಮೇಲೆ 11 ಡಿಗ್ರಿ ತೋರಿಸುತ್ತಿದ್ದ, ಆಳವನ್ನೂ ತೋರಿಸುವ ಡೈವ್ ಕಂಪ್ಯೂಟರ್ ಕೆಳಗೆ 7ಕ್ಕೆ ಇಳಿದಿತ್ತು. ಬಿಸಿಲಿಗೆ ಕಾದ ಹಗುರ ನೀರು ಮೇಲೆ, ತಣ್ಣಗಿನ ಭಾರದ ನೀರು ಕೆಳಗೆ. ಕಲಕಲು ಅಲೆಯೂ ಸೆಳೆತವೂ ಇಲ್ಲದ ಕ್ವಾರಿಯಲ್ಲಿ ಬೇಸಿಗೆ ಏರಿದಂತೆ ಇವೆರಡರ ನಡುವಿನ ಗೆರೆ ಮತ್ತಷ್ಟು ಚೂಪಾಗುತ್ತದೆ. ಜುಲೈಯಲ್ಲಿ ದಡದ ಬಿಸಿಲು ನಂಬಿ ತೆಳು ಬಟ್ಟೆಯಲ್ಲಿ ಇಳಿಯುವವರಿಗೆ ಈ ಗೆರೆ ಪಾಠ ಕಲಿಸುತ್ತದೆ.

ಎರಡನೆಯ ದಿನ: ನಾನೂರು ವರ್ಷದ ಮರ, ಹೆಪ್ಪುಗಟ್ಟಿದ ಗಾಳಿ

ಮರುದಿನವೂ ಅಲ್ಲೇ ಉಳಿದದ್ದು ಗ್ರೆಷಮ್ ಹಡಗಿಗಾಗಿ. ಥೇಮ್ಸ್ ನದಿ ಸಮುದ್ರ ಸೇರುವಲ್ಲಿನ ಪ್ರಿನ್ಸಸ್ ಕಾಲುವೆಯಲ್ಲಿ ಹಡಗುದಾರಿ ಸರಿಪಡಿಸುವಾಗ 2003ರಲ್ಲಿ ಇದು ಪತ್ತೆಯಾಯಿತು. ಕಟ್ಟಿದ್ದು 1570ರ ದಶಕದಲ್ಲಿ, ಒಂದನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ. ಅದರೊಂದಿಗೆ ಸಿಕ್ಕ ಫಿರಂಗಿಯ ಮೇಲೆ ಅಂದಿನ ಪ್ರಸಿದ್ಧ ವರ್ತಕ ಥಾಮಸ್ ಗ್ರೆಷಮ್‌ನ ಗುರುತು ಇದ್ದುದರಿಂದ ಈ ಹೆಸರು ಬಂತು. ಮೇಲೆತ್ತಿದ್ದೇನೋ ಆಯಿತು, ಇಡುವುದೆಲ್ಲಿ? ಶತಮಾನಗಳ ಕಾಲ ನೀರು ಕುಡಿದ ಮರ ಒಣಗಿದರೆ ಕುಗ್ಗಿ ಸೀಳುತ್ತದೆ. ರಾಸಾಯನಿಕಗಳಲ್ಲಿ ನೆನೆಸಿ ಉಳಿಸಲು ಹಣವೂ ವರ್ಷಗಳೂ ಬೇಕು. ಮೊದಲು ಪೋರ್ಟ್ಸ್‌ಮತ್ ಬಳಿಯ ಒಂದು ಕೊಳದಲ್ಲಿ ಮುಳುಗಿಸಿಟ್ಟು, 2012ರಲ್ಲಿ ಇಲ್ಲಿಗೆ ತಂದು ಇಳಿಸಿದರು. ಮರ ಕೊರೆಯುವ ಹಡಗುಹುಳು ಬದುಕಲು ಉಪ್ಪುನೀರು ಬೇಕು. ಇಲ್ಲಿ ಅದಕ್ಕೆ ಜಾಗವಿಲ್ಲ. ಸಮುದ್ರದಲ್ಲಿ ಮುಳುಗಿದ ಹಡಗನ್ನು ಉಳಿಸಲೆಂದು ಸಮುದ್ರದಿಂದ ಇಷ್ಟು ದೂರದ ಕ್ವಾರಿಗೆ ತಂದು ಮತ್ತೆ ಮುಳುಗಿಸಿದ್ದಾರೆ ಎನ್ನುವುದು ನನಗೆ ಅಲ್ಲಿನ ವಿಮಾನ, ಹೆಲಿಕಾಪ್ಟರುಗಳೆಲ್ಲಕ್ಕಿಂತ ದೊಡ್ಡ ಆಕರ್ಷಣೆಯಾಗಿ ಕಂಡಿತು.

ಆಳ ಹೆಚ್ಚಿಲ್ಲ. ಮೊದಲ ನೋಟಕ್ಕೆ ಅಡ್ಡಾದಿಡ್ಡಿ ಬಿದ್ದ ತೊಲೆಗಳ ರಾಶಿಯಂತೆ ಕಾಣುತ್ತದೆ. ಮುಟ್ಟುವಂತಿಲ್ಲ, ತೇಲುವಿಕೆಯ ಹದ ಹಿಡಿದು ಒಂದಡಿ ಮೇಲೆ ನಿಂತು ಟಾರ್ಚನ್ನು ಓರೆಯಾಗಿ ಹಿಡಿದಾಗ ಹಲಗೆ ಹಲಗೆಯ ನಡುವಿನ ಸಂದು, ಮೊಳೆ ಹೊಡೆದ ತೂತು, ಓಕ್ ಮರದ ಎಳೆಗಳು ಒಂದೊಂದಾಗಿ ತೆರೆದುಕೊಂಡವು. ಕಡಲತಳದ ಪುರಾತತ್ವ ಕಲಿಯುವವರು ಟೇಪು ಹಿಡಿದು ಇಲ್ಲಿ ಅಳತೆ ಅಭ್ಯಾಸ ಮಾಡುತ್ತಾರೆ. ನಿಜವಾದ ಹಡಗನ್ನು, ಸೆಳೆತದ ಗಡಿಬಿಡಿಯಿಲ್ಲದೆ, ಒಂದು ಗಂಟೆಯವರೆಗೆ ಅಳೆಯುವ ಅವಕಾಶ ಅವರಿಗೆ ಬೇರೆಲ್ಲಿ ಸಿಕ್ಕೀತು?

ಮಧ್ಯಾಹ್ನ 20 ಮೀಟರ್ ದಾಟಿದಾಗ, ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ಜೊತೆಗಾರರ ರೆಗ್ಯುಲೇಟರ್ ತಟ್ಟನೆ ಭೋರ್ಗರೆಯಿತು. ಬಾಯಿಯ ಸುತ್ತ ಗುಳ್ಳೆಗಳ ಗೋಡೆಯೇ ಎದ್ದು ಮುಖ ಕಾಣದಾಯಿತು. ಸಿಲಿಂಡರಿನ ಒತ್ತಡದ ಗಾಳಿ ರೆಗ್ಯುಲೇಟರಿನಲ್ಲಿ ಹಿಗ್ಗುವಾಗ ತೀವ್ರವಾಗಿ ತಣ್ಣಗಾಗುತ್ತದೆ. ಸುತ್ತಲ ನೀರೂ ತಣ್ಣಗಿದ್ದರೆ ಒಳಗೆ ಮಂಜುಗಡ್ಡೆ ಕಟ್ಟಿ ವಾಲ್ವು ತೆರೆದೇ ಉಳಿಯುತ್ತದೆ. ಅವರು ನನ್ನ ಬದಲಿ ಬಾಯಿಕೊಳವೆಯನ್ನು ಕೇಳುವ ಸಂಜ್ಞೆ ಮಾಡಿದರು, ಕೊಟ್ಟೆ. ಅವರ ವಾಲ್ವನ್ನು ನಾನು ಮುಚ್ಚಿದೆ. ತೋಳು ತೋಳು ಹಿಡಿದು ಬಂಡೆಗೋಡೆಯ ಪಕ್ಕದಲ್ಲೇ ನಿಧಾನವಾಗಿ ಏರಿ, ಆರು ಮೀಟರಿನಲ್ಲಿ ನಿಂತು, ಮೇಲೆ ಬಂದೆವು. ದಡದಲ್ಲಿ ಅವರು ಹೇಳಿದ್ದು ಇಷ್ಟೇ: "ನೋಡಿದಿರಾ, ಇದಕ್ಕೇ ಇಲ್ಲಿಗೆ ಬರುವುದು."

ಯುರೋಪಿನ ಮಾನದಂಡದಲ್ಲಿ 10 ಡಿಗ್ರಿಗಿಂತ ಕೆಳಗಿನದು ತಣ್ಣೀರು. ಅಂಥ ನೀರಿಗೆಂದು ಮಾರುವ ರೆಗ್ಯುಲೇಟರುಗಳನ್ನು 4 ಡಿಗ್ರಿಯಲ್ಲಿ ಪರೀಕ್ಷಿಸಿರಬೇಕು. ಬಾಡಿಗೆಗೆ ತೆಗೆದುಕೊಳ್ಳುವವರು ಅದನ್ನು ಕೇಳಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಆದರೂ ಯಾವ ಉಪಕರಣವೂ ಪೂರ್ತಿ ಭರವಸೆ ಕೊಡುವುದಿಲ್ಲ. ಚಳಿಯ ದಿನ ದಡದಲ್ಲಿ ನಿಂತು ಸುಮ್ಮನೆ ಅದರಿಂದ ಉಸಿರಾಡುತ್ತಾ ಪರೀಕ್ಷೆ ಮಾಡದಿರುವುದು, ಉಸಿರು ಎಳೆಯುವಾಗಲೇ ಡ್ರೈಸೂಟಿಗೂ ಗಾಳಿ ತುಂಬದಿರುವುದು, ಇವೆರಡು ರೂಢಿಗಳಿಂದ ಅಪಾಯ ಬಹಳ ಮಟ್ಟಿಗೆ ತಗ್ಗುತ್ತದೆ. ಆ ರೆಗ್ಯುಲೇಟರನ್ನು ಅಂದು ಮತ್ತೆ ನೀರಿಗೆ ಇಳಿಸಲಿಲ್ಲ. ಇನ್ನೊಂದು ಜೊತೆಗೆ ತಂದಿದ್ದರು.

ಮೂರನೆಯ ದಿನ: ಮಳೆಯಲ್ಲಿ ಕೇಪರ್ನ್‌ರೇ

ಎಂ6 ಹೆದ್ದಾರಿಯ ಬಗ್ಗೆ ಬರೆಯುವಂಥದ್ದೇನಿಲ್ಲ. ಲಾರಿಗಳ ಚಕ್ರದಿಂದ ಚಿಮ್ಮುವ ನೀರನ್ನು ಸೀಳಿಕೊಂಡು ಗಂಟೆಗಟ್ಟಲೆ ಸಾಗಿದೆವು. ಲ್ಯಾಂಕಶೈರಿನ ಕಾರ್ನ್‌ಫರ್ತ್ ಬಳಿ ಹೆದ್ದಾರಿ ಬಿಟ್ಟ ಕೂಡಲೇ ನೋಟ ಬದಲಾಯಿತು: ಗಾರೆಯಿಲ್ಲದೆ ಬರೀ ಕಲ್ಲು ಪೇರಿಸಿದ ಗೋಡೆಗಳು, ಅವುಗಳ ನಡುವೆ ಕುರಿಮರಿಗಳು, ಎಲ್ಲದರ ಮೇಲೂ ಸಣ್ಣಗೆ ಬಿಡದೆ ಸುರಿಯುವ ಮಳೆ. ಡೈವರ್‌ಗೆ ಮಳೆ ಏನು ಮಾಡೀತು ಎಂದು ಕೇಳುವವರು ವಾಹನ ನಿಲುಗಡೆಯಲ್ಲಿ ಒಣ ಕಾಲುಚೀಲ ಹಾಕಿಕೊಳ್ಳಲು ಒಮ್ಮೆ ಪ್ರಯತ್ನಿಸಿ ನೋಡಬೇಕು.

ಕೇಪರ್ನ್‌ರೇ ಸುಣ್ಣಕಲ್ಲಿನ ಕ್ವಾರಿ. ತಳದಲ್ಲಿ ಎಚ್‌ಎಸ್ 748 ಪ್ರಯಾಣಿಕ ವಿಮಾನ, ಕೆಲವು ಹಡಗು ದೋಣಿಗಳು, ಫೈಬರ್‌ಗ್ಲಾಸ್ ಕುದುರೆಗಳು, ತೋಟದ ಬೊಂಬೆಗಳು. ಈ ಬೊಂಬೆಗಳು ಯಾಕೆ ಬೇಕು ಎಂದು ನನಗೆ ಮೊದಮೊದಲು ಅನ್ನಿಸಿತ್ತು. ಈಗಲೂ ಅವುಗಳ ಮೇಲೆ ಹೇಳಿಕೊಳ್ಳುವಂಥ ಪ್ರೀತಿಯೇನಿಲ್ಲ. ಆದರೆ ಮಬ್ಬು ನೀರಿನಲ್ಲಿ ದಿಕ್ಸೂಚಿ ಹಿಡಿದು ಒಂದು ಗುರುತಿನಿಂದ ಇನ್ನೊಂದಕ್ಕೆ ಹೋಗಲು ಕಲಿಯುವವರಿಗೆ ಸೇರಬೇಕಾದ ಕಡೆ ಏನಾದರೊಂದು ಇರಬೇಕು. ಬರಿಯ ಬಂಡೆ ಸಿಕ್ಕಿದರೆ ಇದೇ ಆ ಬಂಡೆ ಎಂದು ಹೇಳುವುದು ಹೇಗೆ? ಕುದುರೆ ಸಿಕ್ಕಿದರೆ ಲೆಕ್ಕ ಸರಿಬಂತು.

ಇಲ್ಲಿನ ಮೀನುಗಳು ಹಿಂದಿನ ಜಾಗದವಕ್ಕಿಂತ ಸಲಿಗೆಯವು. ವಿಮಾನದ ರೆಕ್ಕೆಯ ಮೇಲೆ ನಿಂತಿದ್ದಾಗ ಕೊಬ್ಬಿದ ಟ್ರೌಟ್‌ಗಳು ಮಾಸ್ಕಿನ ಗಾಜಿಗೇ ಬಂದವು. ತಳದ ಮಬ್ಬಿನಿಂದ ಸ್ಟರ್ಜನ್ ಒಂದು ಹಾದುಹೋಯಿತು: ಬೆನ್ನುದ್ದಕ್ಕೂ ಎಲುಬಿನ ಫಲಕಗಳು, ಚೂಪು ಮೂತಿಯಡಿ ನಾಲ್ಕು ಮೀಸೆಗಳು, ಬಾಲ ಎಡಕ್ಕೆ ಬಲಕ್ಕೆ ಅವಸರವಿಲ್ಲದೆ. ಬಿಟ್ಟು ಸಾಕಿದ ಮೀನೆಂದು ಗೊತ್ತಿದ್ದರೂ ಎದುರಾದಾಗ ಉಸಿರು ಹಿಡಿದುಕೊಳ್ಳುವಷ್ಟು ದೊಡ್ಡದು. ಸ್ಕೂಬಾದಲ್ಲಿ ಉಸಿರು ಹಿಡಿಯಬಾರದೆಂಬ ಮೊದಲ ನಿಯಮ ನೆನಪಾಗಿ ಬಿಟ್ಟೆ.

ಊಟದ ಹೊತ್ತಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತ ಯುವತಿಯೊಬ್ಬಳು ಚಿಪ್ಸ್ ತಿನ್ನುತ್ತಾ ನಡುಗುತ್ತಿದ್ದಳು. ಅಂದೇ ಮೊದಲ ಸಲ ಈಜುಕೊಳದಿಂದಾಚೆ ಇಳಿದದ್ದು. ಬೆಚ್ಚನೆಯ ಸಮುದ್ರಕ್ಕೆ ರಜೆಗೆ ಹೋಗುವವಳು ಇಲ್ಲೇಕೆ ಕಲಿಯುತ್ತಿದ್ದಾಳೆಂದು ಕೇಳಿದೆ. "ರಜೆಯ ಅರ್ಧ ಭಾಗ ತರಗತಿಯಲ್ಲಿ ಕಳೆಯಲು ಇಷ್ಟವಿಲ್ಲ. ಮೇಲಾಗಿ, ಈ ಚಳಿಯಲ್ಲಿ ಮಾಸ್ಕ್ ಬಿಚ್ಚಿ ಹಾಕಲು ಬಂದರೆ ಅಲ್ಲಿ ಹೆದರಿಕೆ ಇರುವುದಿಲ್ಲವಲ್ಲ," ಎಂದಳು. ಅವಳ ತರಬೇತುದಾರ ನಕ್ಕು, ಎಲ್ಲರೂ ಹಾಗೆಯೇ ಹೇಳುತ್ತಾರೆ, ಅರ್ಧದಷ್ಟು ಜನ ಮುಂದಿನ ಚಳಿಗಾಲದಲ್ಲಿ ಸ್ವಂತ ಡ್ರೈಸೂಟ್ ಕೊಂಡು ಇಲ್ಲಿಗೇ ಮರಳುತ್ತಾರೆ ಎಂದ.

ಎರಡನೆಯ ಡೈವಿಗೆ ಸಿದ್ಧವಾಗುವಾಗ ನನ್ನ ಡ್ರೈಸೂಟಿನ ಕತ್ತಿನ ರಬ್ಬರು ಪಟ್ಟಿ ಕಿವಿಯ ಹತ್ತಿರ ಒಂದು ಬೆರಳಗಲ ಹರಿಯಿತು. ಪಕ್ಕದ ವ್ಯಾನಿನವರೊಬ್ಬರು ಕೇಳುವ ಮೊದಲೇ ಅಂಟು ಮತ್ತು ರಬ್ಬರಿನ ತುಂಡು ಹಿಡಿದು ಬಂದರು. ತೇಪೆ ಒಣಗುವಷ್ಟರಲ್ಲಿ ಮಧ್ಯಾಹ್ನ ಮುಗಿದಿತ್ತು. ದೋಣಿಯ ಮೇಲೆ ಹೀಗಾಗಿದ್ದರೆ ಉಳಿದವರು ಇಳಿದು ಬರುವವರೆಗೆ ಕಾಯುತ್ತಾ ಕೂರಬೇಕಿತ್ತು. ಇಲ್ಲಿ ಬೆಚ್ಚಗೆ ಚಹಾ ಕುಡಿಯುತ್ತಾ ಕೂತೆ.

ಸಂಜೆಯ ಕೆಲಸ ದೊಡ್ಡದಿತ್ತು. ಮುಂದಿನ ನೀರು ಕ್ವಾರಿಯಲ್ಲ, ಸಹಜ ಸರೋವರ. ಒಂದು ಜಾಗದ ಹನಿ ನೀರಿನಲ್ಲಿ ಇನ್ನೊಂದು ಜಾಗಕ್ಕೆ ಜೀಬ್ರಾ ಮಸೆಲ್ ಎಂಬ ಚಿಪ್ಪುಜೀವಿಯ ಕಣ್ಣಿಗೆ ಕಾಣದ ಮರಿಗಳು ಹೋಗಬಲ್ಲವು. ಒಮ್ಮೆ ಬೇರೂರಿದರೆ ತೆಗೆಯಲಾಗದು. ನೋಡು, ತೊಳೆ, ಒಣಗಿಸು ಎಂಬ ಮೂರು ಹೆಜ್ಜೆಗಳ ನಿಯಮವನ್ನು ಬ್ರಿಟನ್ನಿನಲ್ಲಿ ಎಲ್ಲ ನೀರಾಟದವರಿಗೂ ಹೇಳಿಕೊಡುತ್ತಾರೆ. ಮೊದಲೆರಡು ಸುಲಭ. ಒಣಗಿಸುವುದು ಆ ಮಳೆಯಲ್ಲಿ ಎಲ್ಲಿ? ತಂಗಿದ್ದ ಮನೆಯೊಡತಿ ಬಾಯ್ಲರ್ ಇರುವ ಕೋಣೆಯ ಬೀಗ ತೆಗೆದುಕೊಟ್ಟು, ನೆಲಕ್ಕೆ ಹಳೆಯ ಪತ್ರಿಕೆ ಹಾಸಿ, "ನನ್ನ ಗಂಡನ ಬೂಟುಗಳೂ ಅಲ್ಲೇ ಇವೆ, ವಾಸನೆಗೆ ನಿಮ್ಮ ಸೂಟೇ ಕಾರಣ ಎನ್ನಬೇಡಿ ಎಂದು ಅವರಿಗೆ ಹೇಳುತ್ತೇನೆ," ಎಂದರು. ಒಣಗಿಸಲು ಪೂರ್ತಿ ಒಂದು ದಿನ ಬಿಟ್ಟುಕೊಳ್ಳುವಂತೆ ಪ್ರವಾಸ ಹೊಂದಿಸಿಕೊಳ್ಳುವುದೇ ಸರಿಯಾದ ದಾರಿ.

ನಾಲ್ಕನೆಯ ದಿನ: ಕಾನಿಸ್ಟನ್

ಹಾಗೆ ಬಿಟ್ಟುಕೊಂಡ ದಿನವನ್ನು ಸರೋವರದ ಬದಿಯ ಊರಾದ ಕಾನಿಸ್ಟನ್‌ನಲ್ಲಿ ಕಳೆದೆವು. 1967ರ ಜನವರಿ 4ರಂದು ಡೊನಾಲ್ಡ್ ಕ್ಯಾಂಪ್‌ಬೆಲ್ ನೀರಿನ ಮೇಲಿನ ವೇಗದ ದಾಖಲೆ ಮುರಿಯಲು ಹೊರಟು, ಗಂಟೆಗೆ 300 ಮೈಲಿ ಮೀರಿದ ವೇಗದಲ್ಲಿ ದೋಣಿ ಮೇಲೆದ್ದು ಪಲ್ಟಿಯಾಗಿ ಇದೇ ಸರೋವರದಲ್ಲಿ ಸತ್ತರು. 'ಬ್ಲೂಬರ್ಡ್ ಕೆ7' ಎಂಬ ಆ ದೋಣಿಯನ್ನು 2001ರ ಮಾರ್ಚ್ 8ರಂದು ಡೈವರ್ ಬಿಲ್ ಸ್ಮಿತ್ ಅವರ ತಂಡ ಮೇಲೆತ್ತಿತು. ಮೇ ತಿಂಗಳಲ್ಲಿ ಕ್ಯಾಂಪ್‌ಬೆಲ್ ಅವರ ದೇಹವೂ ಸಿಕ್ಕಿತು. ಸೆಪ್ಟೆಂಬರಿನಲ್ಲಿ ಅಲ್ಲೇ ಊರಿನ ಸ್ಮಶಾನದಲ್ಲಿ ಮಣ್ಣು ಮಾಡಿದರು. ದುರಸ್ತಿಯಾದ ದೋಣಿ 2024ರಲ್ಲಿ ಊರಿಗೆ ಮರಳಿ ರಸ್ಕಿನ್ ಮ್ಯೂಸಿಯಂನಲ್ಲಿದೆ. ಮೂವತ್ತನಾಲ್ಕು ವರ್ಷ ತಣ್ಣಗಿನ ಸಿಹಿನೀರಿನ ಹೂಳಿನಲ್ಲಿದ್ದ ಅಲ್ಯೂಮಿನಿಯಂ ಅದು. ಉಪ್ಪುನೀರಿನಲ್ಲಾಗಿದ್ದರೆ ತುಕ್ಕಿನ ಪುಡಿಯಷ್ಟೇ ಉಳಿಯುತ್ತಿತ್ತೇನೋ. ಗ್ರೆಷಮ್ ಹಡಗಿನ ತೊಲೆಗಳನ್ನು ಕಂಡು ಬಂದ ಕಣ್ಣಿಗೆ ಇದು ಅದೇ ಮಾತಿನ ಮುಂದುವರಿಕೆಯಂತೆ ಕಂಡಿತು. ಸರೋವರಗಳಿಗೆ ಇಳಿಯುವವರಲ್ಲಿ ಒಂದು ಬಗೆಯವರು ಹೀಗೆ ನೀರು ಕಾಪಿಟ್ಟದ್ದನ್ನು ಹುಡುಕಿ ಬರುವವರೇ.

ಚಹಾದಂಗಡಿಯಲ್ಲಿ ಬೆಣ್ಣೆ ಸವರಿದ ಸ್ಕೋನು ತಿನ್ನುತ್ತಾ ಅಲ್ಲಿನ ವೃದ್ಧೆಯೊಬ್ಬರನ್ನು ಮಾತಾಡಿಸಿದೆ. ದೋಣಿ ಎತ್ತಿದ್ದು ಸರಿಯೋ ತಪ್ಪೋ ಎಂದು ಊರಲ್ಲಿ ಬಹಳ ದಿನ ಚರ್ಚೆಯಾಗಿತ್ತಂತೆ. "ನೀರಿನಡಿ ಇದ್ದಾಗ ಎಲ್ಲಿದ್ದಾರೆಂದು ನಮಗೆ ಗೊತ್ತಿತ್ತು. ಈಗ ಹೂವಿಡಲು ಒಂದು ಜಾಗವಿದೆ," ಎಂದರು. ಎರಡರಲ್ಲಿ ಯಾವುದು ಮೇಲೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಐದನೆಯ ದಿನ: ವಾಸ್ಟ್‌ವಾಟರ್

ನಕಾಶೆಯಲ್ಲಿ ಕಾನಿಸ್ಟನ್‌ನಿಂದ ವಾಸ್ಟ್‌ವಾಟರ್ ಸರೋವರ ಹತ್ತಿರವೇ. ಆದರೆ ಆ ಹತ್ತಿರದ ದಾರಿ ರೈನೋಸ್ ಮತ್ತು ಹಾರ್ಡ್‌ನಾಟ್ ಎಂಬ ಘಟ್ಟಗಳನ್ನು ಹತ್ತಿ ಇಳಿಯುತ್ತದೆ. ಹಾರ್ಡ್‌ನಾಟ್‌ನಲ್ಲಿ ಕೆಲವೆಡೆ ಮೂರು ಅಡಿ ಸಾಗಿದರೆ ಒಂದು ಅಡಿ ಏರು, ರಸ್ತೆ ಒಂದೇ ವಾಹನದಗಲ. ಒತ್ತಡದ ಸಿಲಿಂಡರು ತುಂಬಿದ ಕಾರಿನಲ್ಲಿ ಆ ತಿರುವುಗಳು ಬೇಡವೆಂದು ಕರಾವಳಿಯ ಎ595 ರಸ್ತೆ ಹಿಡಿದು ಸುತ್ತಿ ಹೋದೆವು. ಸ್ಯಾಂಟನ್ ಬ್ರಿಜ್ ದಾಟಿದ ಮೇಲೆ ಕಣಿವೆ ತೆರೆಯಿತು. ಎದುರು ದಡದಲ್ಲಿ ಬೆಟ್ಟದ ನೆತ್ತಿಯಿಂದ ನೀರಿನವರೆಗೆ ಒಡೆದ ಕಲ್ಲಿನ ಇಳಿಜಾರು, ಬೂದು ಬಣ್ಣದ್ದು, ಮರಗಿಡವಿಲ್ಲದ್ದು. ಕಣಿವೆಯ ತುದಿಯಲ್ಲಿ ಇಂಗ್ಲೆಂಡಿನ ಅತಿ ಎತ್ತರದ ಸ್ಕಾಫೆಲ್ ಪೈಕ್, 978 ಮೀಟರ್. ಕಾಲಡಿಯಲ್ಲಿ ದೇಶದ ಅತಿ ಆಳದ ಸರೋವರ, 79 ಮೀಟರ್.

ರಸ್ತೆಬದಿಯಲ್ಲಿ ಕುರಿಗಳನ್ನು ಇನ್ನೊಂದು ಹೊಲಕ್ಕೆ ಅಟ್ಟುತ್ತಿದ್ದ ರೈತರೊಬ್ಬರಿಗಾಗಿ ಕಾರು ನಿಲ್ಲಿಸಬೇಕಾಯಿತು. ಹರ್ಡ್‌ವಿಕ್ ತಳಿಯ ಆ ಬೂದು ಕುರಿಗಳು ದಾಟುವಷ್ಟು ಹೊತ್ತು ಅವರು ನಮ್ಮ ಹಿಂದಿನ ಸೀಟು ನೋಡಿ, "ಬೊಂಬೆಗಳಿಗಾಗಿಯೋ?" ಎಂದರು. ಕಥೆ ಡೈವರ್‌ಗಳಿಗೆಲ್ಲ ಗೊತ್ತಿರುವಂಥದ್ದು. ಯಾರೋ ಈ ಸರೋವರದ ತಳದಲ್ಲಿ, 50 ಮೀಟರಿನ ಹತ್ತಿರದ ಆಳದಲ್ಲಿ, ತೋಟದ ಬೊಂಬೆಗಳನ್ನಿಟ್ಟು ಸುತ್ತ ಬೇಲಿ ಹಾಕಿದ್ದರು. ಅದನ್ನು ನೋಡಲು ಹೋದ ಕೆಲವರು 1990ರ ದಶಕದಲ್ಲಿ ಜೀವ ಕಳೆದುಕೊಂಡ ಮೇಲೆ ಪೊಲೀಸ್ ಡೈವರ್‌ಗಳು ಎಲ್ಲವನ್ನೂ ತೆಗೆದರು. ಈಗ ಪೊಲೀಸರು ಇಳಿಯಲು ಅನುಮತಿಯಿಲ್ಲದಷ್ಟು ಆಳದಲ್ಲಿ ಹೊಸ ತೋಟ ಎದ್ದಿದೆಯೆಂದು ಜನ ಹೇಳುತ್ತಾರೆ. ನಾವು ಅಲ್ಲಿಗೆ ಹೋಗುವವರಲ್ಲ ಎಂದಾಗ ರೈತರು, "ಒಳ್ಳೆಯದು. ಮೇಲಿರುವ ಕಲ್ಲನ್ನೇ ನೋಡಿ, ಬೇಕಾದಷ್ಟಿದೆ," ಎಂದು ನಾಯಿಯನ್ನು ಕರೆದರು.

ಆ ಸಾವುಗಳ ಹಿಂದಿನ ಕಾರಣ ಗೂಢವೇನಲ್ಲ. ಸಾಮಾನ್ಯ ಗಾಳಿ ಉಸಿರಾಡುತ್ತಾ 50 ಮೀಟರಿಗೆ ಇಳಿದಾಗ ಸಾರಜನಕ ಮದ್ಯದಂತೆ ತಲೆಗೇರುತ್ತದೆ, ಗಾಳಿ ಮೇಲಿನ ಆರು ಪಟ್ಟು ವೇಗದಲ್ಲಿ ಖರ್ಚಾಗುತ್ತದೆ, ಜೊತೆಗೆ ಕತ್ತಲೆ ಮತ್ತು 5-6 ಡಿಗ್ರಿಯ ಚಳಿ. ಸಮುದ್ರದಲ್ಲಿ ಅಷ್ಟು ಆಳಕ್ಕೆ ಹೋಗಬೇಕಾದರೆ ದೋಣಿ, ಚಾಲಕ, ಹವಾಮಾನ ಎಲ್ಲ ಕೂಡಿಬರಬೇಕು; ಅಷ್ಟರೊಳಗೆ ಯಾರಾದರೊಬ್ಬರು ಬೇಡವೆನ್ನುತ್ತಾರೆ. ಇಲ್ಲಿ ರಸ್ತೆಯಿಂದ ಹತ್ತು ಹೆಜ್ಜೆ ನಡೆದು ಇಳಿಜಾರು ಹಿಡಿದರೆ ಆಳ ತಾನಾಗಿ ಸಿಗುತ್ತದೆ, ಬೇಡವೆನ್ನಲು ಯಾರೂ ಇಲ್ಲ. ಒಳನಾಡಿನ ನೀರು ಸುಲಭವೆಂದು ಹೊಗಳುವವರೆಲ್ಲ ಇದನ್ನೂ ಸೇರಿಸಿ ಹೇಳಬೇಕು. ಕ್ವಾರಿಯಲ್ಲಿದ್ದ ಕಚೇರಿ, ಆಮ್ಲಜನಕದ ಪೆಟ್ಟಿಗೆ, ನೀರಿನತ್ತ ಕಣ್ಣಿಟ್ಟ ಸಿಬ್ಬಂದಿ ಇಲ್ಲಿಲ್ಲ. ಮೊಬೈಲಿಗೆ ಸಿಗ್ನಲ್ಲೂ ಇರಲಿಲ್ಲ. ಅದಕ್ಕಾಗಿಯೇ ಬರುವ ದಾರಿಯಲ್ಲಿ ಕೊನೆಯ ಸಿಗ್ನಲ್ ಸಿಕ್ಕ ತಿರುವನ್ನು ಜೊತೆಗಾರರು ಗುರುತಿಟ್ಟುಕೊಂಡು, ಮೇಲೆ ಬರುವ ಗಂಟೆಯನ್ನು ತಂಗಿದ್ದ ಮನೆಯವರಿಗೆ ಹೇಳಿಬಂದಿದ್ದರು. ನಾವು 25 ಮೀಟರಿನ ಮಿತಿ ಹಾಕಿಕೊಂಡೆವು.

ಇಳಿದಾಗ ಹಿಂದಿನ ದಿನಗಳ ಹಸಿರೆಲ್ಲ ಎಲ್ಲಿ ಹೋಯಿತೆನ್ನುವಂತಾಯಿತು. ಈ ನೀರಿನಲ್ಲಿ ಪಾಚಿಗೆ ಬೇಕಾದ ಪೋಷಕಾಂಶ ತೀರ ಕಡಿಮೆ, ಆದ್ದರಿಂದ ನೀರು ತಿಳಿ. ಹತ್ತು ಹನ್ನೆರಡು ಮೀಟರ್ ದೂರದ ಬಂಡೆಯ ಅಂಚೂ ಕಾಣುತ್ತಿತ್ತು. ವಿಮಾನವಿಲ್ಲ, ದೋಣಿಯಿಲ್ಲ, ಮೀನೂ ಹೆಚ್ಚಿಲ್ಲ. ಬಂಡೆಗಳ ನಡುವೆ ತೆಳುವಾದ ಕಂದು ಹೂಳು, ಅದರ ಮೇಲೆ ಯಾವುದೋ ಹುಳು ಎಳೆದ ಸಪೂರ ಗೆರೆ. ಆ ಗೆರೆಯನ್ನೇ ಒಂದು ಮಾರಿನಷ್ಟು ಹಿಂಬಾಲಿಸಿದೆ. 18 ಮೀಟರಿನ ಆಚೆ ಬಂಡೆಗಳು ಮುಗಿದು ಇಳಿಜಾರು ಕಡಿದಾಯಿತು, ಕೆಳಗೆ ನೀಲಿಯಲ್ಲ, ಕಪ್ಪು. ಬೊಂಬೆಗಳನ್ನು ನೋಡಲು ಹೊರಟವರಿಗೆ ಮುಂದಕ್ಕೆ ಹೋಗಬೇಕೆನ್ನಿಸಿದ್ದು ಇಲ್ಲೇ ಇರಬೇಕು. ಜೊತೆಗಾರರು ಕಂಪ್ಯೂಟರನ್ನು ನನ್ನತ್ತ ತಿರುಗಿಸಿ ತೋರಿಸಿದರು, 24.6. ಇನ್ನು ಮೇಲೆ ಹೋಗೋಣವೆಂದು ಹೆಬ್ಬೆರಳು ಮೇಲೆ ಮಾಡಿದೆವು. ಸಂಗ್ರಹಿಸಿಟ್ಟ ವಸ್ತುಗಳ ಕ್ವಾರಿಯೂ ಬರಿಯ ಕಲ್ಲಿನ ಈ ಸರೋವರವೂ ಎರಡು ಬೇರೆ ಆಸೆಗಳಿಗೆ ಉತ್ತರ. ನನಗೆ ಎರಡನೆಯದು ಹೆಚ್ಚು ಹಿಡಿಸಿತು, ಆದರೆ ಮೊದಲಿನದರಲ್ಲಿ ಕಳೆದ ದಿನಗಳಿಲ್ಲದೆ ಇಲ್ಲಿಗೆ ಇಳಿಯುವ ಧೈರ್ಯ ಬರುತ್ತಿರಲಿಲ್ಲ.

ಗಾಸ್ಫರ್ತ್ ಊರಿನಲ್ಲಿ ಬಿಸಿ ಪೈ ಮತ್ತು ಬಟಾಣಿ ತಿಂದು, ಕಾರಿನ ಹೀಟರ್ ಮುಂದೆ ಬೆರಳು ಹಿಡಿದು, ಮುಂದಿನ ಭೇಟಿಯ ತಿಂಗಳು ಗೊತ್ತುಮಾಡಿಕೊಂಡೆವು. ಚಳಿ ಹೆಚ್ಚಿದಂತೆ ಪಾಚಿ ಸತ್ತು ಕ್ವಾರಿಗಳ ನೀರು ತಿಳಿಯಾಗುತ್ತದೆ. ನವೆಂಬರಿನ ವಾರದ ದಿನ, ಸ್ಟೋನಿ ಕೋವ್, 35 ಮೀಟರಿನ ತಳ. ಅಷ್ಟರೊಳಗೆ ನಾನು ಡ್ರೈಸೂಟಿನ ಕತ್ತಿನ ಪಟ್ಟಿ ಹೊಸದು ಹಾಕಿಸಬೇಕು, ಅವರು ಆ ರೆಗ್ಯುಲೇಟರನ್ನು ಸರ್ವಿಸಿಗೆ ಕೊಡಬೇಕು.